ಒತ್ತಿದರ ಮೂಕ

ನೌಬಾದಿನ ಲೇಥ್ ಅಂಗಡಿಯೊಳಗ
ಆಬಿದ್ ಮಿಸ್ತ್ರಿ ಹಿತ್ತಾಳಿ ತುಂಡು ತಿರುಗಿಸಿ
ಸುರುಳಿ ಸುರುಳಿ ಸಿಪ್ಪಿ ಸುಲೀತಾನ.
"ಎರಡು ತುಂಡು ಮಾಡೀನಿ, ನೋಡು.
ಒಂದರೊಳಗ ಒಂದು ಸರೀತದ,
ನಡುವ ಬಾಲ್‌ಪೆನ್ನಿನ ಸ್ಪ್ರಿಂಗು.
ತುಟಿ ಮೆಲ್ಲಕ ಇಟ್ಟರ ಊದ್ತದ.
ಜೋರು ಒತ್ತಿದ್ಯೋ, ಹಿಂದಕ ಸರದು
ಪಕ್ಕದ ತೂತು ತೆಗೀತದ,
ಗಾಳಿ ಹೋತು, ಸ್ವರ ಹೋತು.
ಪೆನ್ನು ಮಾತ್ರ ನನ್ನ ಮಗಳದು,
ಹೊಸಾದು ನೀನೇ ಕೊಡಿಸಬೇಕು."

ಮೂವತ್ತು ವರ್ಷ ಒತ್ತಿ ಊದಿದವ ನಾನು.
ಕಲಿಸಿದವರು ಇಸಾಕಪ್ಪ ಮಾಸ್ತರು,
ಮಂಗಲಪೇಟಿ ಚರ್ಚಿನ ಹಿಂದಿನ ಓಣ್ಯಾಗ.
"ಮ್ಯಾಲಿನ ಸಾ ಬೇಕಾ? ಒತ್ತು. ಇನ್ನೂ ಒತ್ತು."
ಎಡಗೈಲೆ ಟ್ರಂಪೆಟ್ ಎಳದು ಎಳದು
ಮುಖದೊಳಗ ಹೊಗಿಸುವಂಗ.
ಅವರ ತುಟಿ ಮ್ಯಾಲ ಒಂದು ಬಿಳಿ ಉಂಗುರ ಇತ್ತು.
ತೀರಿಕೊಂಡಾಗ ಮುಖ ತೊಳದ್ರೂ
ಅದು ಹೋಗಲಿಲ್ಲ.
ಹದಿಮೂರರ ಹುಡುಗ ನಾನು
ಕನ್ನಡಿ ಮುಂದ ಸೋಡಾ ಬಾಟ್ಲಿ ಬಾಯಿ ಒತ್ತಿಕೊಂಡು
ಅಂಥಾದೇ ಉಂಗುರ ಮಾಡಿಕೊಂಡು
ಸಾಲಿಗೆ ಹೋಗ್ತಿದ್ದೆ.

ಈಗ ಖರೇನ ಅದ, ನನಗೂ.
ಮುಂದಿನ ಹಲ್ಲೊಂದು ಅಲಗಾಡ್ತದ.
ಹೋದ ಮಾಘದಾಗ, ಭಾಲ್ಕಿಯ ಒಂದು ಲಗ್ನದ ಮೆರವಣಿಗ್ಯಾಗ,
ಮ್ಯಾಲಕ ಏರಾಕ ಹೋದೆ.
ಬಂದದ್ದು ಬರೇ ಉಸುರು,
ಆಮ್ಯಾಲ ನಾಲಿಗಿಗೆ ರಕ್ತದ ರುಚಿ.
ಮದುಮಗನ ಕುದರಿ ತಿರುಗಿ ನನ್ನ ನೋಡ್ತು.
ಡ್ರಮ್ಮಿನ ಶರಣು ಜೋರು ಬಾರಿಸಿ ಮುಚ್ಚಿ ಹಾಕಿದ.
ಅದಕ್ಕ ಅವನ ಚಹಾದ ರೊಕ್ಕ
ಇವತ್ತಿಗೂ ನಾನೇ ಕೊಡ್ತೀನಿ.

ಮೊದಲ ದಿನ ಆ ಮೌತ್‌ಪೀಸು ಮಾತೇ ಆಡಲಿಲ್ಲ.
ಎರಡನೇ ದಿನ ಫುಸ್.
ಜಗದೇವಿ ಜ್ವಾಳ ಹಸನು ಮಾಡ್ಕೋತ ಅಂದಳು,
"ಛಲೋ ಆತು, ಓಣಿಗೆ ನಿದ್ದಿ ಹತ್ತೀತು."
ಎಷ್ಟು ಒತ್ತತಿದ್ದೆ ಅನ್ನೂದೇ
ನನಗ ಗೊತ್ತಿರಲಿಲ್ಲ.
ಹೆಗಲು ಕಿವಿತನ ಏರಿ ಕೂತಿರ್ತಿದ್ದವು.
ಕಾಲಬೆರಳು ಚಪ್ಪಲಿ ಕಚ್ಚಿ ಹಿಡದಿರ್ತಿದ್ದವು.
ಯಾರ ಜೋಡಿ ಜಗಳ ಇತ್ತೋ.

ಮುಂಜಾನೆ ಐದಕ್ಕ ಸುರಂಗಬಾವಿ ಕಡೆ ಹೋಗ್ತೀನಿ.
ಅಲ್ಲಿ ನೆಲದಾಗ ಗಾಳಿಕಂಡಿ ಅವ,
ಬಗ್ಗಿ ಕಿವಿಗೊಟ್ಟರ
ತಳದಾಗ ನೀರು ನಡಿಯೂ ಸಪ್ಪಳ.
ಸುಲ್ತಾನರ ಕಾಲದ್ದಂತ. ತಳ್ಳಾವರು ಯಾರೂ ಇಲ್ಲ,
ಎಳಿಯಾವರು ಇಲ್ಲ,
ಇಳಿಜಾರು ಅದ, ಅಷ್ಟ.
ಅದರ ದಂಡಿಗೆ ಕೂತು
ತುಟಿಗೆ ಹಿತ್ತಾಳಿ ತಾಗಿಸಿ, ತಾಗಿಸಿದ್ದು ಗೊತ್ತಾಗದಂಗ,
ಕೆಳಗಿನ ಸಾ ಹಿಡೀತೀನಿ.
ಹೊತ್ತೇರಿದ ಮ್ಯಾಲ ಏರ್‌ಫೋರ್ಸಿನ ಹುಡುಗರು
ಕಲಿಯೂ ವಿಮಾನ ತಗೊಂಡು ಏಳತಾರ,
ಉಲ್ಟಾ ಹೊಡೀತಾರ, ಬಿದ್ದಂಗ ಮಾಡಿ ಮತ್ತ ಏರತಾರ.
ನನ್ನ ಸ್ವರ ಅವರ ಸದ್ದಿನ್ಯಾಗ ಮುಳಗತದ.
ನಾ ಮನಿಗೆ ಬರ್ತೀನಿ.

ಮ್ಯಾಲಿನ ಪಾ ಬಂದದ. ಧಾ, ಒಮ್ಮೊಮ್ಮೆ.

ಹುಮನಾಬಾದಿನ ಲಗ್ನಕ್ಕ ಹಳೇ ಮೌತ್‌ಪೀಸೇ ಹಾಕಿದ್ದೆ.
ಎಡಗೈ ತನ್ನ ಚಾಳಿಗೆ ತಾನು ಎಳೀಲಿಕ್ಕೆ ಹತ್ತಿತು.
ಕಿಸೆದಾಗಿನ ಸ್ಪ್ರಿಂಗು ನೆನಪಾಗಿ ಬಿಟ್ಟೆ,
ಬರೇ ಹಿಡಕೊಂಡೆ, ಕೋಳಿಮರಿ ಹಿಡದಂಗ.
ದಾರದಷ್ಟು ಸಣ್ಣ, ಒಂದು ಸ್ವರ
ಮ್ಯಾಲ ಹೋತು.
ಹಿಂದ ಡಿಜೆ ಗಾಡಿ ಗುಡುಗತಿತ್ತು,
ಮಂದಿಗ್ಯಾರಿಗೂ ಕೇಳಲಿಲ್ಲ.
ಕುದರಿದು ಒಂದು ಕಿವಿ ಮಾತ್ರ
ಇತ್ತ ತಿರುಗಿತು.

ಮರುದಿನ ಹೊಸಾ ಪೆನ್ನು ತಗೊಂಡು ಮಿಸ್ತ್ರಿ ಅಂಗಡಿಗೆ ಹೋದೆ.
ಅವನ ಮಗಳು ನಸೀಮಾ ಬಿಲ್‌ಬುಕ್ ಮ್ಯಾಲ ಬಗ್ಗಿ
ಹಾಳಿ ಹರಿಯೂವಂಗ ಬರಿಯಾಕತ್ತಿದ್ದಳು,
ಬೆರಳತುದಿ ಬೆಳ್ಳಗಾಗಿದ್ದವು.
"ಒತ್ತಬ್ಯಾಡವ್ವ," ಅಂದೆ, ದೊಡ್ಡ ಗುರುವಿನಂಗ,
"ಮೆಲ್ಲಕ ಹಿಡಿ. ತಾನೇ ಬರ್ತದ."
ತಲಿ ಎತ್ತದೇ ಅಂದಳು,
"ಒತ್ತದಿದ್ರ ಕಾರ್ಬನ್ನಿನ ಕೆಳಗ ಮೂಡಂಗಿಲ್ಲ, ಚಾಚಾ."

ಅದೂ ಖರೇನ.